ಬಿಂದುವಿನ ಬಲಕ್ಕೆ

ಬ್ಯಾಡಗಿ, ಮೋಟೆಬೆನ್ನೂರು ರಸ್ತೆ, ತಗಡಿನ ಶೆಡ್ಡು.
ಎಂಬತ್ತು ಹೆಂಗಸರು ನೆಲಕ್ಕೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ.
ಗಾಜಿನ ಬಾಗಿಲ ಈಚೆ ನಾನು, ಸೀನುತ್ತ,
ಅವರ ಕಿಲೋಗಳನ್ನು ಪರದೆಗೆ ಹಚ್ಚುವವನು.

ಸಂಜೆ ಕಾಂಟಾದಿಂದ ತೂಕ ನೇರ ಡೇಟಾಬೇಸಿಗೆ ಇಳಿಯುತ್ತದೆ.
ಹಮಾಲ ದಾವಲಸಾಬ ಅದಕ್ಕೆ ಹಗೇವು ಅನ್ನುತ್ತಾನೆ.
ಹಗೇವಿನಿಂದ ಜೋಳ ತೆಗೆದರೆ ಮಣ್ಣೂ ಬರುವ ಹಾಗೆ
ಅಂಕಿ ತೆಗೆದರೆ ಹೀಗೆ ಬರುತ್ತದೆ:
12.000000
9.750000
11.299999
ಯಾವ ಕಾಂಟಾವೂ ಕಾಣದ ಒಂಬತ್ತುಗಳು.
ಶಾಂತವ್ವನದು ಹನ್ನೊಂದು ಮುನ್ನೂರು, ತೂಗುವಾಗ ನಾನೇ ನೋಡಿದ್ದೆ.

ಮೊದಲ ದಿನ ಜಾಣತನ ಮಾಡಿದೆ.
ಕೊನೆಯ ಸೊನ್ನೆಗೆ ಬೆಲೆ ಇಲ್ಲ, ಸಾಲ್ಯಾಗ ಕಲಿಸಿದ್ದು.
ಒಂದು ಸಾಲು ಕೋಡು ಬರೆದೆ, ಮೊರ ಹಿಡಿದು ಕೇರಿದಂತೆ
ಹೊಟ್ಟೆಲ್ಲ ಹಾರಿತು. ಗೋಡೆಯ ಟೀವಿಯಲ್ಲಿ
ಕಸ್ತೂರೆವ್ವ 12
ಜೈತುನಬಿ 9.75
ಶಾಂತವ್ವ 11.3

ಕಸ್ತೂರೆವ್ವ ಬಾಗಿಲು ತಳ್ಳಿಕೊಂಡು ಬಂದಳು.
ಉರಿಯುವ ಬೆರಳನ್ನು ಟೀವಿಗೆ ಮುಟ್ಟಿಸದೆ ತೋರಿಸಿದಳು:
"ಆಕೀದ್ರಾಗ ಬೀಜಾ ಐತಿ. ನನ್ನದ್ರಾಗ ಯಾಕಿಲ್ಲ?"
ಬೀಜ?
ಬೆರಳ ತುದಿಯಲ್ಲಿ ಬಿಂದು ಇತ್ತು.

ಒಂಬತ್ತಕ್ಕಿಂತ ಹನ್ನೆರಡು ಹೆಚ್ಚು, ಅವ್ವಾ, ಅಂತ
ತಿಳಿಸಿ ಹೇಳಲು ಹೊರಟೆ. ನಕ್ಕಳು.
ಸವ್ವಾ, ದೀಡ, ಅಡೀಚ ಎಂದು ಬಾಯಲ್ಲೇ ಸಂತೆ ಮಾಡಿದವಳು.
"ಅಷ್ಟು ತಿಳೀದೇನೋ ನನಗ? ಜೈತುನಬೀದು ಪಾವ ಕಮ್ಮಿ ಹತ್ತು.
ಆ ಪಾವ ನೋಡಿದ್ರ ಯಾರೋ ತೂಗ್ಯಾರ ಅಂತ ಗೊತ್ತಾಗತೈತಿ.
ನಂದು ಅಂದಾಜಿಗೆ ಬರದಂಗ ಐತಲ್ಲ."

ಬೆಲೆ ಇಲ್ಲದ ಸೊನ್ನೆಗಳನ್ನು ಆ ರಾತ್ರಿ
ಒಂದೊಂದಾಗಿ ಮರಳಿ ಕರೆದೆ.
ಬಿಂದುವಿನ ಬಲಕ್ಕೆ ಎರಡು ಮನೆ, ಖಾಲಿ ಬಿಡುವಂತಿಲ್ಲ.
ಸಾಲೆಲ್ಲ ಬಲಕ್ಕೆ ಸರಿದು ನಿಲ್ಲಬೇಕು,
ಬೀಜದ ಕೆಳಗೆ ಬೀಜ.

ಮ್ಯಾನೇಜರ್ ಅಂಗಡಿಯವರು ಚಹಾ ತರಿಸಿದರು.
"ಇಷ್ಟೆಲ್ಲ ಯಾಕ್ರೀ? ಎರಡರ ಮುಂದಿಂದು ಕತ್ತರಿಸಿಬಿಡ್ರಿ.
ತೊಟ್ಟು ಮುರಿದಂಗ."
ಕತ್ತರಿಸಿ ತೋರಿಸಿದೆ.
11.299999 ಹೋಗಿ 11.29 ಆಯಿತು.
ಶಾಂತವ್ವನ ಹತ್ತು ಗ್ರಾಂ ಎಲ್ಲಿ?
ದಾವಲಸಾಬ ಸಣ್ಣ ಕಾಂಟಾದ ಮೇಲೆ ಹತ್ತು ಗ್ರಾಂ ಎಣಿಸಿ ಇಟ್ಟ:
ತೊಟ್ಟು ಬಿಡಿಸಿದ, ಸುಕ್ಕುಸುಕ್ಕಾದ, ಒಂಬತ್ತು ಕಾಯಿ.
ಯಾರೂ ಮಾತಾಡಲಿಲ್ಲ. ಅಂಗಡಿಯವರು ಸೀನಿದರು.

ಕತ್ತರಿಸಲಿಲ್ಲ. ಹತ್ತಿರದ ಅಂಕಿಗೆ ಮುಟ್ಟಿಸಿದೆ.
ಕೂಲಿಯ ಲೆಕ್ಕ ಹಗೇವಿನ ಅಂಕಿಗೇ ಬಿಟ್ಟೆ, ಮಣ್ಣು ಸಮೇತ.
ಟೀವಿ ಕಣ್ಣಿಗೆ ಮಾತ್ರ. ಇದನ್ನು ಕೋಡಿನ ನಡುವೆ
ಕನ್ನಡದಲ್ಲೇ ಬರೆದಿಟ್ಟಿದ್ದೇನೆ, ನನ್ನ ನಂತರ ಬರುವವನಿಗೆ.
ಅವನೂ ಜಾಣನೇ ಇರುತ್ತಾನೆ.

ಮರುದಿನ ಸಂಜೆ ಎಂಬತ್ತು ಮುಖ ಮೇಲೆತ್ತಿದವು.
12.00
 9.75
11.30
ಕಸ್ತೂರೆವ್ವ ಕೊಬ್ಬರಿ ಎಣ್ಣೆ ಸವರಿದ ಅಂಗೈ ಊದುತ್ತ ನೋಡಿದಳು.
ಚಲೋ ಆತು ಅನ್ನಲಿಲ್ಲ.
"ಅಕ್ಷರ ಸಣ್ಣ ಆದ್ವು" ಅಂದಳು. ದೊಡ್ಡದು ಮಾಡಿದೆ.

ಆಮೇಲೆ ನೀಲವ್ವನ ಸಾಲು.
ಎರಡು ದಿನದಿಂದ ಬಂದಿಲ್ಲ, ಮಗಳ ಹೆರಿಗೆ, ಹಾವೇರಿ ಆಸ್ಪತ್ರೆ.
ಹಗೇವಿನಲ್ಲಿ ಅವಳ ಹೆಸರಿನ ಮುಂದೆ ಏನೂ ಇಲ್ಲ,
ಸೊನ್ನೆ ಕೂಡ ಇಲ್ಲ.
ನನ್ನ ಕೋಡು ಅದಕ್ಕೆ 0.00 ಹಾಕಿತ್ತು,
ಮುಂಜಾನೆಯಿಂದ ಕೂತು ಒಂದು ಕಾಯಿಯೂ ಮುಟ್ಟದವಳ ಹಾಗೆ.
ನಾಚಿ, ಅಳಿಸಿ, ಒಂದು ಸಣ್ಣ ಅಡ್ಡಗೆರೆ ಎಳೆದೆ.

ಕಸ್ತೂರೆವ್ವ ಕಣ್ಣು ಕಿರಿದು ಮಾಡಿದಳು:
"ಅದೊಂದು ತೊಟ್ಟು ಯಾಕ ಹಂಗ ಬಿಟ್ಟೀಯೋ, ತಮ್ಮಾ?"