ಕೆಮ್ಮು

"ಈಗ ಏನು ಕೇಳ್ತಿದ್ದೀಯ?" ಅಂದ ಘುಮೂರ್
ಲಾರಿಯಡಿಯಿಂದ. ಕಾಲಷ್ಟೇ ಕಾಣುತ್ತಿತ್ತು.
ಹೇಳಿ ತಿಳಿಸುವಂಥದ್ದಲ್ಲ. ಕೈಯ ಗ್ರೀಸು ಒರೆಸಿ
ನನ್ನ ಫೋನನ್ನು ಅವನ ಫೋನಿನ ಪಕ್ಕ ಮಲಗಿಸಿದೆ,
ಹಳೇ ಟೈರಿನ ಮೇಲೆ,
ಮರಿ ಒಂಟೆಗಳ ಹಾಗೆ, ಮೂತಿಗೆ ಮೂತಿ.
ಅಗಾದೆಸಿನಲ್ಲಿ ಹಾಡು ದಾಟುವುದು ಹೀಗೆ.
ಒಂದು ಲೋಟ ಚಹಾ ಆರುವ ತನಕ ಅಲುಗಿಸಬಾರದು.

ನನಗೆ ರೈಷಾ ಕೊಟ್ಟಳು,
ಅವಳಿಗೆ ಉಪ್ಪಿನ ಲಾರಿಯ ಕ್ಲೀನರು,
ಅವನಿಗೆ ಯಾರೋ.
ಎರಡನೆಯ ಚರಣದ ನಡುವೆ ಒಬ್ಬ ಕೆಮ್ಮುತ್ತಾನೆ.
ಯಾವ ಡೇರೆಯೋ, ರೆಕಾರ್ಡಾಗುವಾಗ
ಪಕ್ಕ ಕೂತವನಿರಬೇಕು.
ಗಿಟಾರು ಅವನಿಗಾಗಿ ಚೂರು ತಡೆದ ಹಾಗಿದೆ.

ಮೊನ್ನೆ ಮದುವೆಗೆ ನೀನು ಬರಲಿಲ್ಲ, ಘುಮೂರ್.
ಹಾಡಿದವನೇ ಬಂದಿದ್ದ.
ಅದೇ ಹಾಡು. ಎರಡನೆಯ ಚರಣ.
ಅವನು ಸುಮ್ಮನೆ ದಾಟಿಕೊಂಡು ಹೊರಟ,
ಪಾಪ, ಅವನಿಗೇನು ಗೊತ್ತು.
ನಾವೆಲ್ಲ ಕೆಮ್ಮಿದೆವು:
ಹೆಂಗಸರು, ಬೀಗರು, ಚಹಾ ಸುರಿಯುವ ಹುಡುಗ,
ಒಂದೇ ಪೆಟ್ಟಿಗೆ.
ಬೆಚ್ಚಿ ತಂತಿ ತಪ್ಪಿದ.

ಹಿಂದೆ, ಜನರೇಟರಿನ ಪಕ್ಕ,
ಒಬ್ಬ ಮುದುಕ ಮಾತ್ರ ಕೆಮ್ಮಲಿಲ್ಲ.
ಮುಂಡಾಸಿನ ಸೆರಗು ಬಾಯಿಗೊತ್ತಿ ಹಿಡಿದು
ಎಲ್ಲರ ಮುಖವನ್ನೂ
ಒಂದೊಂದಾಗಿ ನೋಡುತ್ತಿದ್ದ.