ಬೀಟೆಯ ಮೇಲೊಂದು ಸೌಟು

ಮಂಡಿ ಮೊಹಲ್ಲಾದ ನಮ್ಮ ಅಂಗಡಿಗೆ
ಬಣ್ಣದ ಡಬ್ಬಿ ಬರುವುದಿಲ್ಲ.
ಹಳದಿ ಬೇಕೆಂದರೆ ಹಲಸು,
ಕೆಂಪಿಗೆ ರಕ್ತಚಂದನ,
ಬಿಳಿಗೆ ದೇವದಾರು, ಕಪ್ಪಿಗೆ ಕರಿಮರ.
ಹಸಿರನ್ನು ಮಾತ್ರ ಯಾವ ಮರವೂ ಕೊಡದು,
ಎಲೆಗಳಲ್ಲೇ ಖರ್ಚು ಮಾಡಿ ಮುಗಿಸಿರುತ್ತದೆ
ಎನ್ನುತ್ತಿದ್ದರು ಅಬ್ಬಾ.

ಕಂಟ್ರಾಕ್ಟರ್ ಕೆಂಪರಾಜು ಬಂದದ್ದು ಮಂಗಳವಾರ.
ಬೋಗಾದಿಯ ಹೊಸ ಮನೆ, ತಲೆಬಾಗಿಲಿಗೆ
'ನಮ್ಮ ಮನೆತನದ್ದೇ ಒಂದು ಲಾಂಛನ ಬೇಕು ಮೇಡಂ.
ಎಡಬಲಕ್ಕೆ ಸಿಂಹ, ನಡುವೆ ಗುರಾಣಿ,
ಗುರಾಣಿಯಲ್ಲಿ ಎರಡು ಕತ್ತಿ, ಮೇಲೆ ಕಿರೀಟ,
ಕೆಳಗೆ ಪಟ್ಟಿಯಲ್ಲಿ ಸಂಸ್ಕೃತದಲ್ಲಿ
ಏನಾದರೂ ಗಟ್ಟಿಯಾದ್ದು.
ಗಂಡಭೇರುಂಡ ಮಾತ್ರ ಬೇಡ,
ಅದು ಬಸ್ಸಿನ ಮೇಲೂ ಇದೆ.'

ಕಾರಿನಲ್ಲಿ ಕೂತು ಕಡಲೇಕಾಯಿ ಸುಲಿಯುತ್ತಿದ್ದ
ಅವರವ್ವ ಹೊಂಬಾಳಮ್ಮ
ಸಿಪ್ಪೆ ಕೊಡವಿಕೊಂಡು ಇಳಿದು ಬಂದರು.
'ಕತ್ತಿ ಯಾಕ್ಲಾ?'
'ಮುತ್ತಾತ ಅರಮನೇಲಿದ್ದೋರಲ್ವೇನವ್ವ?'
'ಇದ್ರು ಇದ್ರು. ಕುದುರೆ ಲಾಯದಲ್ಲಿ
ಹುರುಳಿ ಬೇಯಿಸ್ತಾ ಇದ್ರು.
ಕತ್ತಿ ಎಲ್ಲಿತ್ಲಾ ನಮ್ಮಟ್ಟೀಲಿ? ಸೌಟಿತ್ತು.
ನನ್ನ ಎದೆಮಟ್ಟ.'

ಮಗ ದನಿ ತಗ್ಗಿಸಿ
ನನಗಷ್ಟೇ ಕೇಳುವಂತೆ ಅಂದರು:
'ಕತ್ತಿಯೇ ಇರಲಿ.'

ಇಟ್ಟೆ. ಅಡ್ವಾನ್ಸು ತಗೊಂಡ ಮೇಲೆ
ಇಡಲೇಬೇಕು.
ಒಂದೊಂದು ಕೇಸರಕ್ಕೆ ನಲವತ್ತೆರಡು ಚೂರು,
ಕೂದಲೆಳೆ ಗರಗಸ ನಾಲ್ಕು ಸಲ ಮುರಿಯಿತು.
ಎಡಗೈ ತೋರುಬೆರಳಿನ ತುದಿ ನನಗಿಲ್ಲ,
ಹದಿನಾರರಲ್ಲೇ ಹೋಯಿತು; ಹಾಗಾಗಿ
ಸಿಂಹದ ಉಗುರು ಕೊಯ್ಯುವಾಗ
ನಾನು ಉಸಿರಾಡುವುದಿಲ್ಲ.

ಆದರೆ ರಾತ್ರಿ, ಕಸ ಗುಡಿಸುವ ಹೊತ್ತಿಗೆ,
ಹಲಸಿನ ಒಂದು ಸೀಳು ಉದ್ದಕ್ಕೆ ಬಿದ್ದಿತ್ತು
ತುದಿಯಲ್ಲಿ ಗಂಟು, ದುಂಡಗೆ.
ಸೌಟೇ. ನಾನೇನೂ ಮಾಡಬೇಕಿರಲಿಲ್ಲ.

ಅಂಗೈಯಗಲದ ಬೀಟೆ ಚೂರಿನಲ್ಲಿ ಅದನ್ನು ಕೂರಿಸಿದೆ.
ಕಾವಲಿಗೆ ಎಡಕ್ಕೆ ಕುದುರೆಯ ಕಿವಿ,
ಬರೀ ಕಿವಿ, ಹುರುಳಿಯ ವಾಸನೆಗೆ ನಿಮಿರಿದ್ದು.
ಬಲಕ್ಕೇನು? ಹೊಳೆಯಲಿಲ್ಲ. ಬಿಟ್ಟೆ.
ಕಿರೀಟದ ಜಾಗಕ್ಕೆ ಹಬೆ.
ಹಬೆ ಯಾವ ಮರದಲ್ಲಿ ಸಿಗುತ್ತದೆ?
ಬೀಟೆಗೇ ಅಂಚಿನಲ್ಲೊಂದು ಬಿಳಿಯ ಎಳೆ ಇರುತ್ತದೆ,
ದೋಷವೆಂದು ಸೀಳಿ ಎಸೆಯುತ್ತೇವೆ,
ಈ ಸಲ ಎಸೆಯಲಿಲ್ಲ.

ಮಗ ಬಂದು ಸಿಂಹ ಒಯ್ದರು.
'ಸ್ವಲ್ಪ ಉಬ್ಬಿರಬೇಕಿತ್ತು,' ಅಂದರು,
ಮುಂಗಾಲನ್ನು ಸವರುತ್ತಾ.
ಇದು ಕೆತ್ತನೆಯಲ್ಲ ಸಾರ್, ಕೂರಿಸುವ ಕೆಲಸ ಅಂದೆ.

ವಾರ ಬಿಟ್ಟು ಅವ್ವ ಬಂದರು,
ಒಬ್ಬರೇ, ಹಕ್ಕಿ ಗುರುತಿನ ಬಸ್ಸಿನಲ್ಲಿ,
ಬೇರೇನೋ ಕೊಳ್ಳಲು ಬಂದವರ ಹಾಗೆ
ಉಂಗುರದ ಡಬ್ಬಿಗಳ ಬೆಲೆ ಕೇಳುತ್ತಾ.
ಚೂರನ್ನು ಕೈಗಿಟ್ಟೆ.
ತುಂಬ ಹೊತ್ತು ಮಾತಿಲ್ಲ. ಆಮೇಲೆ
'ಹಿಡಿ ಇನ್ನೊಂಚೂರು ಬಗ್ಗಿತ್ತು.'

ಕೆಳಗಿನ ಪಟ್ಟಿ ಖಾಲಿ ಇದೆ,
ಏನು ಬರೆಯಲಿ ಅಂದೆ.
'ನಂಗೆ ಓದಕ್ಕೆ ಬರಲ್ಲ.'
ಆದರೂ ಹೇಳಿ.
'ನಮ್ಮತ್ತೆ ದಿನಾ ಅನ್ನೋರು.
ಅವರ ಮಾವನ ಮಾತಂತೆ.
ತಳ ಹತ್ತದಂಗೆ ತಿರುವು.'

ಹತ್ತಕ್ಷರ, ದೇವದಾರಿನಲ್ಲಿ.
ಒತ್ತುಗಳಿಗೇ ಒಂದು ಸಂಜೆ ಹಿಡಿಯಿತು.
ಉಪ್ಪುಕಾಗದ ಹಾಕಿ, ಮೇಣ ಉಜ್ಜಿ ಕೊಟ್ಟಾಗ
ಅವರು ಕಣ್ಣು ಮುಚ್ಚಿ
ಹೆಬ್ಬೆರಳಲ್ಲಿ ಸೌಟು ಹುಡುಕಿದರು:
ಎಲ್ಲೂ ಏರಿಲ್ಲ, ತಗ್ಗಿಲ್ಲ,
ಬೀಟೆ ಎಲ್ಲಿ ಮುಗಿಯಿತೋ
ಹಲಸು ಎಲ್ಲಿ ಶುರುವಾಯಿತೋ.

'ಕೈಗೆ ಸಿಗಲ್ವಲ್ಲೇ,' ಅಂದರು,
ಕಣ್ಣು ತೆರೆದು ನೋಡಿ
ಸೆರಗಿನ ಗಂಟು ಬಿಚ್ಚತೊಡಗಿದರು.