ಗೆರೆಯ ದಪ್ಪ

ಬೆಳಿಗ್ಗೆ ಒಂದಕ್ಕೆ ಐವತ್ತು,
ಮಧ್ಯಾಹ್ನ ಒಂದಕ್ಕೆ ಐದು ಸಾವಿರ.
ಖಾತುನಾಳ ಎರಡು ತರಗತಿಗಳ ನಡುವೆ
ಒಂದು ಸಾಲು ಮೆಟ್ಟಿಲು, ಒಂದು ಸಿಗರೇಟು.

ಟಿಬಿಲಿಸಿಯ ಅಂಚು, ಗಲ್ದಾನಿ, ಮೊದಲ ಮಹಡಿ.
ಬಾಲ್ಕನಿಗೆ ಕಬ್ಬಿಣದ ಕಾಲು ಕೊಟ್ಟು, ತಗಡು ಹೊದಿಸಿ
ಗಾಳಿಯಲ್ಲೇ ಕೋಣೆ ಕಟ್ಟಿಕೊಂಡವಳು ತ್ಸಿಯಾಲಾ.
ಬೆಳಗಿನ ಹಾಳೆಯಲ್ಲಿ ಎಲ್ಲ ಇದೆ:
ಹೊಲಿಗೆ ಯಂತ್ರ, ಅದರ ಪೆಡಲು,
ಬೆಳ್ಳುಳ್ಳಿ ಉಪ್ಪಿನಕಾಯಿಯ ಮೂರು ಜಾಡಿ,
ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದೂ.

ಮಧ್ಯಾಹ್ನ ರಸ್ತೆ ಅಗಲವಾಗಬೇಕು.
ಬಸ್ಸಿಗೆ ದಾರಿ ಬೇಕು, ಅದೂ ಸುಳ್ಳಲ್ಲ;
ನಸುಕಿನ ಚಳಿಯಲ್ಲಿ ಕಾದು ನಿಂತವರನ್ನು ಅವಳೇ ಎಣಿಸಿದ್ದಾಳೆ,
ನಾನೂರ ಹನ್ನೊಂದು.
ಹಾಳೆಯ ಮೇಲೆ ಅರ್ಧ ಮಿಲಿಮೀಟರು ದಪ್ಪದ ಗೆರೆ
ನೆಲದ ಮೇಲೆ ಎರಡೂವರೆ ಮೀಟರು.
ಕೋಣೆಯೂ ಅಷ್ಟೇ.

"ಇದರಲ್ಲಿ ನಾನೆಲ್ಲಿ?"
ಖಾತುನಾ ಬೆರಳಿಟ್ಟಳು.
ಬೆರಳ ಕೆಳಗೆ ಇಡೀ ಬೀದಿ ಮುಚ್ಚಿಹೋಯಿತು.

ತ್ಸಿಯಾಲಾ ಕನ್ನಡಕ ಏರಿಸಿ ನಕ್ಕಳು:
"ಕತ್ತರಿಸೋದಾದರೆ ಕತ್ತರಿಸು, ಮಗಳೇ.
ಒಳಗೆ ಒಂದು ಬೆರಳು ಬಟ್ಟೆ ಬಿಡು.
ನಾಳೆ ಮೈಕೈ ತುಂಬಿಕೊಂಡರೆ
ಬಿಚ್ಚಿ ಹೊಲಿಯಬೇಕಲ್ಲ."

ರಾತ್ರಿ, ಸ್ಟುಡಿಯೋದಲ್ಲಿ,
ಪೆನ್ಸಿಲು ಚೂಪು ಮಾಡುತ್ತಾಳೆ,
ಇನ್ನೂ ಚೂಪು ಮಾಡುತ್ತಾಳೆ.
ಮೊನೆ ಮುರಿಯುತ್ತದೆ.
ಕಿಟಕಿಯಾಚೆ ಕೊನೆಯ ಬಸ್ಸು, ಒಳಗೆ
ಕಾಲೂರಲು ಜಾಗವಿಲ್ಲ.